ಮೂರು ದಿನ ಆಯ್ತು, ಐವಿ ಲೈನ್ ಬದಲಿಸಲೇಬೇಕಾ ಸಿಸ್ಟರ್?

ಗೋವಿಂದರಾಜನಗರದ ಮಾಗಡಿ ರಸ್ತೆಯಿಂದ ನಾಗರಬಾವಿಯ ಕಡೆಗೆ ಒಂದು ಸುತ್ತು ಹಾಕಿ ಬನ್ನಿ. ದಾರಿಯುದ್ದಕ್ಕೂ ನರ್ಸಿಂಗ್ ಹೋಮ್‌ಗಳು, ನಡುನಡುವೆ ನರ್ಸಿಂಗ್ ಕಾಲೇಜುಗಳು. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದವರೂ ಡ್ಯೂಟಿಗೆ ಹೊರಟವರೂ ಎದುರಾಗುತ್ತಾರೆ. ಈ ಲೇಖನ ಅವರಿಗಾಗಿ.

ಹೀಗೊಂದು ರಾತ್ರಿ ಎಲ್ಲ ಸಿಸ್ಟರ್‌ಗಳಿಗೂ ಎದುರಾಗಿರುತ್ತದೆ. ವಯಸ್ಸಾದ ಅಜ್ಜಿ, ಮುಂಗೈ ತುಂಬ ಚುಚ್ಚಿದ ನೀಲಿ ಕಲೆ. ನರ ಸಿಗುವುದೇ ಕಷ್ಟ. ಮೂರು ದಿನದ ಹಿಂದೆ ಹೇಗೋ ಸಿಕ್ಕ ಲೈನಿನಲ್ಲಿ ಡ್ರಿಪ್ ಸರಾಗವಾಗಿ ಇಳಿಯುತ್ತಿದೆ. ನೋವಿಲ್ಲ, ಊತವಿಲ್ಲ. ಆದರೂ 72 ಗಂಟೆ ಆಯಿತೆಂದರೆ ತೆಗೆದು ಬೇರೆ ಹಾಕುವುದು ವಾರ್ಡಿನ ರೂಢಿ. ಅಜ್ಜಿಯ ಕೈ ಹಿಡಿದಾಗ ‘ಇದು ನಿಜವಾಗಿ ಬೇಕೇ?’ ಎಂದು ಅನ್ನಿಸಿದರೆ, ಅಲ್ಲಿಂದಲೇ ಕೆಲಸ ಶುರು.

ಮೊದಲು ಆ ಅನುಮಾನವನ್ನು ಒಂದು ಸಾಲಿನ ಪ್ರಶ್ನೆಯಾಗಿ ಬರೆದುಕೊಳ್ಳಿ. ಯಾರಿಗೆ, ಏನು ಮಾಡಿದರೆ, ಯಾವುದರ ಬದಲಿಗೆ, ಏನಾಗುತ್ತದೆ ಎಂಬ ನಾಲ್ಕೂ ಅದರಲ್ಲಿರಲಿ. ‘ವಾರ್ಡಿನ ವಯಸ್ಕ ರೋಗಿಗಳಲ್ಲಿ ತೊಂದರೆ ಕಂಡಾಗ ಮಾತ್ರ ಕ್ಯಾನುಲಾ ಬದಲಿಸಿದರೆ, ಗಡುವಿಗೆ ಸರಿಯಾಗಿ ಬದಲಿಸುವುದಕ್ಕಿಂತ ನರದ ಉರಿಯೂತ ಹೆಚ್ಚುತ್ತದೆಯೇ?’ ಪ್ರಶ್ನೆ ಇಷ್ಟು ಖಚಿತವಾಗಿದ್ದರೆ ಹುಡುಕಾಟ ಅರ್ಧ ಮುಗಿದಂತೆ.

ಹುಡುಕಲು ಫೋನ್ ಸಾಕು. ಪಬ್‌ಮೆಡ್‌ನಲ್ಲಿ ಸಂಶೋಧನೆಗಳ ಸಾರಾಂಶ ಉಚಿತ. ಒಂದೇ ಪ್ರಶ್ನೆಯ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ವಿಮರ್ಶೆಗಳಿಗೆ ಸರಳ ಭಾಷೆಯ ಸಾರಾಂಶವೂ ಇರುತ್ತದೆ. ಹೊಸಬರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ಪೂರ್ಣ ಪಾಠ ಬೇಕಾದರೆ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ‘ಹೆಲಿನೆಟ್’ ಇರುವುದು ಇದಕ್ಕಾಗಿಯೇ.

ನಮ್ಮ ಪ್ರಶ್ನೆಗೆ ಏನು ಸಿಗುತ್ತದೆ? 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ಸಿಗುತ್ತದೆ. 3,283 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಗಡುವಿನ ಪ್ರಕಾರ, ಇನ್ನೊಂದಕ್ಕೆ ಅಗತ್ಯ ಬಿದ್ದಾಗ ಮಾತ್ರ ಲೈನ್ ಬದಲಾವಣೆ. ಉರಿಯೂತ ಕಂಡದ್ದು ಎರಡರಲ್ಲೂ ನೂರಕ್ಕೆ 7 ಮಂದಿಗೆ. 2019ರ ಕಾಕ್ರೇನ್ ವಿಮರ್ಶೆಯೂ ಇಂಥ ಒಂಬತ್ತು ಪ್ರಯೋಗಗಳನ್ನು ನೋಡಿ, ಸ್ಪಷ್ಟ ವ್ಯತ್ಯಾಸ ಕಾಣದೆಂದು ಹೇಳಿತು.

ಅಂಕಿ ಓದುವುದನ್ನು ಕಲಿಯಲು ನಮ್ಮದೇ ನಾಡಿನ ಒಂದು ಅಧ್ಯಯನ ಇದೆ. ನನಗೆ ಅದರ ಬಗ್ಗೆ ತುಂಬ ಅಭಿಮಾನ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅದನ್ನು ನಡೆಸಿಕೊಟ್ಟವರು ಎಎನ್‌ಎಂ ಸಿಸ್ಟರ್‌ಗಳು. 1,620 ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಬರೆಯಲಿಲ್ಲ. ತಾಯಿಯ ಕೆಳಗೆ ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಚೀಲದಲ್ಲಿ ಸೇರಿದ್ದನ್ನು ಅಳೆದರು. ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ‘ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು’ ಎಂದರೂ ಸರಿ, ‘18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಅತಿಸ್ರಾವ ತಪ್ಪುತ್ತದೆ’ ಎಂದರೂ ಸರಿ. ವಾರ್ಡಿನಲ್ಲಿ ತೀರ್ಮಾನ ಮಾಡಬೇಕಾದವರಿಗೆ ಎರಡನೆಯ ಲೆಕ್ಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತೊಂದರೆಯ ಲೆಕ್ಕವನ್ನೂ ಓದಿ. ಮಾತ್ರೆ ತೆಗೆದುಕೊಂಡವರಲ್ಲಿ ನಡುಕ, ಜ್ವರ ಹೆಚ್ಚಿತ್ತು, ಸ್ವಲ್ಪ ಹೊತ್ತಿನಲ್ಲಿ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿಸ್ರಾವ ತಡೆಯಲು ಈ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮತ್ತೆ ಕ್ಯಾನುಲಾಕ್ಕೆ ಬರೋಣ. ಉತ್ತರ ಸಿಕ್ಕಿತೆಂದು ನಾಳೆಯಿಂದಲೇ ರೂಢಿ ಬಿಡುವಂತಿಲ್ಲ, ದಯವಿಟ್ಟು ಇಲ್ಲಿ ಅವಸರ ಬೇಡ. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಗಳು ಗಡುವು ಬಿಟ್ಟು ‘ಅಗತ್ಯ ಬಿದ್ದಾಗ’ ಎಂಬ ಕ್ರಮಕ್ಕೆ ಹೋದಾಗ ರಕ್ತದ ಸೋಂಕು ಏರಿತು. ಹಳೆಯ ಕ್ರಮಕ್ಕೆ ಮರಳಿದ ಮೇಲೆ ಇಳಿಯಿತು. ಇದು ಪ್ರಕಟವಾದದ್ದು 2021ರಲ್ಲಿ. ಚೀಟಿ ಎತ್ತಿ ಮಾಡಿದ ಪ್ರಯೋಗದಷ್ಟು ಗಟ್ಟಿ ಪುರಾವೆ ಅಲ್ಲದಿದ್ದರೂ ತಳ್ಳಿಹಾಕುವಂಥದ್ದಲ್ಲ. ‘ಅಗತ್ಯ ಬಿದ್ದಾಗ’ ಎಂಬ ಮಾತಿನೊಳಗೆ ಪ್ರತಿ ಶಿಫ್ಟಿನಲ್ಲೂ ಒಬ್ಬರು ಲೈನ್ ನೋಡುತ್ತಾರೆ ಎಂಬ ನಂಬಿಕೆ ಇದೆ. ನಲವತ್ತು ರೋಗಿಗಳಿಗೆ ಇಬ್ಬರೇ ಸಿಸ್ಟರ್ ಇರುವ ವಾರ್ಡಿನಲ್ಲಿ ಆ ನಂಬಿಕೆ ನಿಲ್ಲುತ್ತದೆಯೇ? ಇದನ್ನು ಬಲ್ಲವರು ನೀವೇ.

ಹಾಗಾಗಿ ಎರಡೂ ಕಡೆಯ ಪುರಾವೆಯನ್ನು ಒಂದೇ ಪುಟದಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಹಾಗೂ ಸೋಂಕು ನಿಯಂತ್ರಣ ನೋಡಿಕೊಳ್ಳುವವರ ಮುಂದಿಡಿ. ಅವರೂ ಡಾಕ್ಟರೂ ಒಪ್ಪಿ ಆಸ್ಪತ್ರೆಯ ಪ್ರೋಟೋಕಾಲ್ ಬದಲಾಗುವವರೆಗೆ ಈಗಿನದನ್ನೇ ಪಾಲಿಸಿ.

ಒಪ್ಪಿಗೆ ಸಿಕ್ಕರೆ ಒಂದೇ ವಾರ್ಡಿನಲ್ಲಿ, ಒಂದು ತಿಂಗಳ ಮಟ್ಟಿಗೆ ಮಾಡಿ ನೋಡಿ. ಲೈನ್ ಹಾಕಿದ ದಿನ, ಗಂಟೆಯನ್ನು ಪ್ಲಾಸ್ಟರ್ ಮೇಲೆ ಬರೆಯಿರಿ. ಹ್ಯಾಂಡ್‌ಓವರ್ ಹೊತ್ತಿಗೆ ಇಬ್ಬರೂ ಸಿಸ್ಟರ್ ಒಟ್ಟಿಗೆ ನಿಂತು ಬೆಳಕಿನಲ್ಲಿ ಜಾಗ ನೋಡಲಿ. ಚುಚ್ಚಿದಲ್ಲಿ ಕೆಂಪಿದೆಯೇ, ಬಿಸಿ ಇದೆಯೇ, ನರದ ಉದ್ದಕ್ಕೆ ಹುರಿಯಂತೆ ಗಟ್ಟಿಯಾಗಿದೆಯೇ? ‘ಕೈ ಉರೀತಿದೆ’ ಎಂದು ರೋಗಿ ಹೇಳಿದರೆ ಗಂಟೆ ಎಣಿಸದೆ ತೆಗೆಯಿರಿ. ಔಷಧ ಮುಗಿದು ಲೈನಿನ ಕೆಲಸವೇ ಇಲ್ಲದಿದ್ದರೂ ಡಾಕ್ಟರನ್ನು ಕೇಳಿ ತೆಗೆಯಿಸಿ. ‘ಇರಲಿ ಬಿಡಿ’ ಎಂದು ಉಳಿಸಿದ ಲೈನಿನಿಂದಲೇ ಎಷ್ಟೋ ಸೋಂಕು.

ನೋಡಿದ ಪ್ರತಿ ಸಲವೂ ರಿಜಿಸ್ಟರಿನಲ್ಲಿ ಒಂದು ಗುರುತು ಹಾಕಿ. ತಿಂಗಳ ಕೊನೆಗೆ ಎಷ್ಟು ಲೈನ್ ಹಾಕಿದೆವು, ಎಷ್ಟು ಕೆಂಪಾದವು, ಯಾರಿಗೆ ಎಷ್ಟು ಸಲ ಚುಚ್ಚಿದೆವು ಎಂದು ಎಣಿಸಿ. ನೋಡಲಾಗದೆ ಬಿಟ್ಟ ಶಿಫ್ಟುಗಳನ್ನೂ ಮುಚ್ಚಿಡದೆ ಎಣಿಸಿ. ಖಾಲಿ ಕಾಲಂಗಳೆಲ್ಲ ನೈಟ್ ಡ್ಯೂಟಿಯಲ್ಲೇ ಸಿಕ್ಕರೆ, ರಾತ್ರಿಗೆ ಇನ್ನೊಬ್ಬ ಸಿಸ್ಟರ್ ಬೇಕೆಂದು ಕೇಳಲು ಮೇಟ್ರನ್ ಅವರ ಮೇಜಿನ ಮೇಲಿಡುವುದಕ್ಕೆ ನಿಮ್ಮ ಕೈಯಲ್ಲಿ ಒಂದು ಹಾಳೆ ಇರುತ್ತದೆ.