ಮನೆಯ ಮಾತಷ್ಟೇ ಅಲ್ಲ
ಪಕ್ಕದ ಮನೆಯಲ್ಲಿ ಹೆಂಗಸಿಗೆ ಹೊಡೆಯುವ ಸದ್ದು ಕೇಳಿದರೆ ನಮ್ಮ ಮನೆಗಳಲ್ಲಿ 'ಘರ್ ಕೀ ಬಾತ್ ಹೈ' ಎನ್ನುತ್ತಾರೆ. ಕನ್ನಡದವರು ಗಂಡ ಹೆಂಡಿರ ಜಗಳ ಎನ್ನುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಅದು ಸರ್ಕಾರದ ಮಾತು ಕೂಡ. ಧರ್ಮ ಯಾವುದಾದರೂ ಕಾಯ್ದೆ ಒಂದೇ.

ಪ್ರತಿ ಜಿಲ್ಲೆಯಲ್ಲೂ ರಾಜ್ಯ ಸರ್ಕಾರ ಸಂರಕ್ಷಣಾಧಿಕಾರಿಗಳನ್ನು ನೇಮಿಸಲೇಬೇಕು. ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಈ ಹೊಣೆ. ಕಾಮರ್ಸ್ ಓದುವ ನನಗೆ ಇದು ಒಬ್ಬರ ಸಂಬಳಕ್ಕೆ ಇಬ್ಬರ ಕೆಲಸವಾಗಿ ಕಾಣುತ್ತದೆ. ಗಾಯವಾಗಿದ್ದರೆ ವೈದ್ಯರಿಗೆ ತೋರಿಸಿ, ಉಚಿತ ಕಾನೂನು ನೆರವು ಕೊಡಿಸಿ, ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಮುಟ್ಟಿಸಬೇಕು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ. ಆದೇಶದಲ್ಲಿ ಹೇಳಿದ್ದನ್ನು ಕಾರಣವಿಲ್ಲದೆ ಮಾಡದ ಅಧಿಕಾರಿಗೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಆ ಕೇಸಿಗೆ ಸರ್ಕಾರವೇ ಮೊದಲು ಒಪ್ಪಿಗೆ ಕೊಡಬೇಕಂತೆ!

ಮಲಪನಗುಡಿಯಲ್ಲಿ ಆ ಸದ್ದು ಕೇಳಿದ ಯಾರೇ ಆಗಲಿ ಅಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಆಗದು. ಮಹಿಳಾ ಸಹಾಯವಾಣಿ 181.