ಥೀಮ್ ಬರೆಯುವಾಗ ‘ಯಾರು?’ ಎಂದು ಕೇಳಿ

‘ಪಾಠದ ಥೀಮ್ ಬರೆಯಿರಿ’ ಎಂದ ಕೂಡಲೇ ನಮ್ಮ ಪೆನ್ನಿಗೆ ಗೈಡಿನ ಮಾತುಗಳು ಬರುತ್ತವೆ: ‘ಕ್ರುಯೆಲ್ ಫೇಟ್’, ‘ಮೇಲ್ ಡಾಮಿನೇಷನ್’, ‘ವಿಕ್ಟಿಮ್ ಆಫ್ ಸರ್ಕಮ್‌ಸ್ಟನ್ಸಸ್’. ಗೋಕಾಕದವರಿರಲಿ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಸ್ಸಿಗೆ ಬರುವವರಿರಲಿ, ಎಲ್ಲರ ಉತ್ತರ ಒಂದೇ. ಕಾಮರ್ಸ್‌ನವರಿಗೆ ಇದು ಬೇಗ ತಿಳಿಯುತ್ತದೆ. ಲೆಕ್ಕ ಸಿಗದ ಖರ್ಚನ್ನೆಲ್ಲ ‘ಸಂಡ್ರಿ ಎಕ್ಸ್‌ಪೆನ್ಸಸ್’ಗೆ ಹಾಕಿದರೆ ಟೋಟಲ್ ಕೂಡುತ್ತದೆ, ಆದರೆ ದುಡ್ಡು ಎಲ್ಲಿ ಹೋಯಿತು ಅನ್ನೋದು ಗೊತ್ತಾಗುವುದಿಲ್ಲ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ನೋಡೋಣ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಲೇಖಕಿ ಅವರು. ಈ ಕತೆ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಗಂಡ ಹೆಂಡತಿ. ಅವರ ನಡುವೆ ಜಗಳವಿಲ್ಲ. ಅಳಿಯನ ಮೇಲೆ ಸಿಟ್ಟಾದ ತಂದೆ ಮಹಮ್ಮದ್ ಖಾನ್ ಮಗಳಿಗೆ ತಲಾಖ್ ಕೊಡಿಸುತ್ತಾನೆ. ಮುಂದೆ ಇಬ್ಬರನ್ನು ಕೂಡಿಸಬೇಕೆಂದಾಗ ಒಂದು ಷರತ್ತು ಅಡ್ಡ ಬರುತ್ತದೆ: ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಅದನ್ನು ತಾಳಲಾರದೆ ನಾದಿರಾ ನೀರಿಗೆ ಬಿದ್ದು ಸಾಯುತ್ತಾಳೆ.

ಇದಕ್ಕೆ ‘ಕ್ರುಯೆಲ್ ಫೇಟ್’ ಎಂದು ಬರೆದರೆ ತಂದೆ ಪಾರಾದ. ‘ಮೇಲ್ ಡಾಮಿನೇಷನ್’ ಎಂದರೆ ಸುಳ್ಳಲ್ಲ, ಆದರೆ ರಶೀದನೂ ಗಂಡಸೇ, ಅವನ ಮನೆಯೂ ಮುರಿಯಿತು. ಎಲ್ಲವನ್ನೂ ಧರ್ಮದ ತಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ, ಇಂಥ ಪುಸ್ತಕವೇ ನಮಗೆ ಬೇಡ ಎನ್ನುವವರೂ ಇದ್ದಾರೆ. ಸಿಟ್ಟು ಯಾರದು, ಬೆಲೆ ಕೊಟ್ಟವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ.

ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 2001ರಲ್ಲಿ ಬಂತು. ಅದರ ಹೆಸರು ‘ಬ್ರೇಕಿಂಗ್ ಟೈಸ್’. ಕನ್ನಡದ ಹೆಸರಿನಲ್ಲಿ ನದಿ ಇತ್ತು, ಇಂಗ್ಲಿಷಿನಲ್ಲಿ ಥೀಮೇ ಹೆಸರಾಗಿದೆ. ಒಳ್ಳೆಯ ಹೆಸರೇ. ಆದರೆ ಮುರಿಯುವವರು ಯಾರು ಎಂದು ಆ ಎರಡು ಶಬ್ದಗಳು ಹೇಳುವುದಿಲ್ಲ. ಕನ್ನಡದಲ್ಲಿ ‘ಕೋಲು ಮುರಿಯಿತು’, ‘ಕೋಲು ಮುರಿದ’ ಎರಡಕ್ಕೂ ‘ಮುರಿ’ ಸಾಕು. ನಮ್ಮ ಮನೆಯ ಉರ್ದುವಿನಲ್ಲಿ ಮಾತ್ರ ಶಬ್ದವೇ ಬೇರೆ: ‘ರಿಶ್ತಾ ಟೂಟ್ಯಾ’ ಅಂದರೆ ತಾನಾಗಿ ಮುರಿಯಿತು, ‘ರಿಶ್ತಾ ತೋಡ್ಯಾ’ ಅಂದರೆ ಯಾರೋ ಮುರಿದ. ನಾದಿರಾಳ ಕತೆ ‘ತೋಡ್ಯಾ’ದ್ದು.

ಹಾಗಂತ ಇಂಗ್ಲಿಷ್ ಫ್ರೇಜ್ ಬಿಡಬೇಕಿಲ್ಲ, ಪರೀಕ್ಷೆಯಲ್ಲಿ ಅವು ಬೇಕೇ ಬೇಕು. ಫ್ರೇಜ್ ಬರೆದು ಪೂರ್ಣವಿರಾಮ ಹಾಕದೆ, ಯಾರು, ಯಾರಿಗೆ, ಏನು ಎಂಬುದನ್ನು ಅದರ ಹಿಂದೆಯೇ ಸೇರಿಸಿ. ಈ ಕಾದಂಬರಿಗೆ ನಾನು ಆರಿಸುವುದು ‘ಪಾಯಿಂಟ್ ಆಫ್ ನೋ ರಿಟರ್ನ್’. ಉತ್ತರ ಹೀಗೆ ಬರೆಯಬಹುದು: ‘ತಂದೆ ಸಿಟ್ಟಿನಲ್ಲಿ ಮುರಿದದ್ದನ್ನು ಮತ್ತೆ ಕೂಡಿಸಲು ಹೊರಟಾಗ, ತಿರುಗಿ ಬರುವ ದಾರಿಯನ್ನು ಮಗಳೊಬ್ಬಳೇ ನಡೆಯಬೇಕಿತ್ತು.’