ಮಗುವಿನ ಎತ್ತರದಿಂದ ಪಂದಲೂರು



ನೀಲಗಿರಿಯ ಚಹಾ ತೋಟಗಳ ನಡುವಿನ ನಮ್ಮ ಪಂದಲೂರಿನಲ್ಲಿ ಮಕ್ಕಳಿಗೆ ತೋರಿಸತಕ್ಕದ್ದು ಏನೂ ಇಲ್ಲವೆಂತಲೂ, ರಜೆ ಬಂದೊಡನೆ ಉದಕಮಂಡಲದ ಸಸ್ಯೋದ್ಯಾನಕ್ಕೆ ಓಡದೆ ಗತ್ಯಂತರವಿಲ್ಲವೆಂತಲೂ ನಿನ್ನ ಓರಗೆಯ ತಂದೆತಾಯಿಗಳು ಆಡುವ ಮಾತು ನನ್ನ ಕಿವಿಗೆ ಬೀಳುತ್ತಿರುತ್ತದೆ. ಉದಕಮಂಡಲಕ್ಕೆ ಧಾರಾಳವಾಗಿ ಹೋಗಿರಿ. ಆದರೆ ಐದಾರು ವರುಷದ ಶಿಶುವಿಗೆ ನೂತನ ಸ್ಥಳಕ್ಕಿಂತ ದಿನವೂ ತುಳಿದ ದಾರಿಯೇ ಅಧಿಕ ಪ್ರಯೋಜನಕಾರಿ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಏಕೆಂದರೆ ಯಾವುದೇ ಬದಲಾವಣೆಯನ್ನು ಗುರುತಿಸಬೇಕಾದರೆ ಅದರ ಪೂರ್ವಸ್ಥಿತಿ ನೆನಪಿನಲ್ಲಿರಬೇಕಷ್ಟೆ. ಆ ದಾರಿಯ ಬದಿಯಲ್ಲಿ ಕವಾತು ಮಾಡಿದ ಚಹಾ ಗಿಡ ಬರಿಯ ಕಡ್ಡಿಗಳಾಗಿ ನಿಂತಾಗ ಒಂದು ಚಿತ್ರ, ಚಿಗುರಿದ ಮೇಲೆ ಅಲ್ಲಿಯೇ ನಿಂತು ಇನ್ನೊಂದು, ಜೂನಿನ ಮಳೆ ಹಿಡಿದಾಗ ಮತ್ತೊಂದು: ಇಷ್ಟನ್ನು ತೆಗೆದ ಮಗುವಿಗೆ ಕಾಲಗತಿಯ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನ ಹಕ್ಕಿಗಳ ಚಿತ್ರ ತೆಗೆಯುತ್ತ ಎಷ್ಟು ವರುಷ ಕಳೆದರೆಂಬುದನ್ನು ನೀನು ಬಲ್ಲೆ.

ತೋಟದ ದಾರಿಯಲ್ಲಿ ನಡೆಯುವಾಗ ಕ್ಯಾಮರಾ, ಅಥವಾ ನಿನ್ನ ಮೊಬೈಲು, ಮಗುವಿನ ಕೈಯಲ್ಲಿರಲಿ. ಚಿಗುರು ಕೀಳುವವರ ಅನುಕೂಲಕ್ಕಾಗಿ ಗಿಡಗಳನ್ನು ವಯಸ್ಕರ ಸೊಂಟದ ಎತ್ತರಕ್ಕೆ ಸಮತಟ್ಟಾಗಿ ಸವರಿರುವುದರಿಂದ ನಮಗೆ ಕಾಣುವುದು ಮೇಲಿನ ಹಸಿರು ಹಾಸು ಮಾತ್ರ. ಮಗುವಿಗಾದರೋ ಅದರ ಅಡಿಯಲ್ಲಿರುವ ಗಂಟುಗಂಟಾದ ಬೊಡ್ಡೆ, ಅದಕ್ಕಂಟಿದ ಪಾಚಿ, ಕಲ್ಲುಹೂವು, ಇರುವೆಯ ಸಾಲು ಇವೆಲ್ಲ ತುಸು ಬಗ್ಗಿದರೆ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಅದು ತೆಗೆದ ಚಿತ್ರ ಓರೆಯಾಗಿದ್ದರೆ ತಿದ್ದಲು ಹೋಗಬೇಡ. ಏನನ್ನು ತೆಗೆದೆಯೆಂದು ಕೇಳು, ಅದು ಹೇಳಿ ಮುಗಿಸುವವರೆಗೆ ಕಾದಿರು. ಇಂಥ ನಡಿಗೆಯಲ್ಲಿ ಒಂದು ಫರ್ಲಾಂಗು ಸಾಗಿದರೆ ಬೇಕಾದಷ್ಟಾಯಿತು.

ಬೆಳೆದ ಮಕ್ಕಳು ಊರಿನ ಹಿಂದಿನ ಕಥೆ ಕೇಳಿಯಾರು. 1880ರ ಸುಮಾರಿನಲ್ಲಿ ಪಂದಲೂರಿನಲ್ಲಿಯೂ ನೆರೆಯ ದೇವಾಲದಲ್ಲಿಯೂ ಹೇರಳವಾಗಿ ಚಿನ್ನ ಸಿಕ್ಕುವುದೆಂಬ ಭ್ರಮೆಯಿಂದ ಲಂಡನ್ನಿನಲ್ಲಿ ಕಂಪೆನಿಗಳು ಹುಟ್ಟಿ, ಇಲ್ಲಿ ಹೋಟೆಲುಗಳೂ ಕುದುರೆ ಜೂಜಿನ ಬಯಲೂ ತಲೆಯೆತ್ತಿ, ಎರಡು ಮೂರು ವರುಷಗಳಲ್ಲಿ ಎಲ್ಲವೂ ಕುಸಿದದ್ದನ್ನು ಹೇಳು. ಇಲ್ಲಿಯ ನೆಲ್ಲಿಯಾಳದ ಕನ್ನಡ ನುಡಿಯ ಅರಸು ಮನೆತನವನ್ನೂ, 1964ರ ಭಾರತ-ಸಿಂಹಳ (ಇಂದಿನ ಶ್ರೀಲಂಕಾ) ಒಪ್ಪಂದದ ತರುವಾಯ ಅಲ್ಲಿಂದ ಮರಳಿ ಬಂದು ಈ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳನ್ನೂ ಹೇಳು. ಆದರೆ ಆ ಹಳೆಯ ಚಿನ್ನದ ಗಣಿಯ ಸುರಂಗಗಳನ್ನು ತೋರಿಸುವ ಚಪಲ ಮಾತ್ರ ಬೇಡವೇ ಬೇಡ.

ಕಾಡಿನ ಸಂಗತಿಯನ್ನೂ ಲಘುವಾಗಿ ಎಣಿಸಲಾಗದು. 2024ರ ಜನವರಿಯಲ್ಲಿ ಇದೇ ತಾಲ್ಲೂಕಿನಲ್ಲಿ ಚಿರತೆ ಮೂರು ವರುಷದ ಕೂಸೊಂದನ್ನು ಕೊಂದಿತು. ಆನೆಗಳ ಸಂಚಾರ ನಿನಗೆ ತಿಳಿಯದ್ದಲ್ಲ. ಬೆಳಕು ಚೆನ್ನಾಗಿ ಹರಿದ ಮೇಲೆ, ಜನರ ಓಡಾಟವಿರುವ ದಾರಿಯಲ್ಲಿ, ಮಗುವನ್ನು ಕೈಯಳತೆಯಲ್ಲಿಟ್ಟುಕೊಂಡೇ ನಡೆ. ಎಸ್ಟೇಟಿನ ವಾಚರನು ಇಂದು ಬೇಡವೆಂದರೆ ಮರುಮಾತಿಲ್ಲದೆ ಹಿಂದಿರುಗು.

ತೋಟದ ಕಾರ್ಮಿಕರ ಲೈನು ಮನೆಗಳ ಮುಂದೆಯೋ ಪಣಿಯ ಬುಡಕಟ್ಟಿನವರ ಹಾಡಿಯ ಬಳಿಯೋ ಮಗು ಯಾರದಾದರೂ ಚಿತ್ರ ತೆಗೆಯಬಯಸಿದರೆ, ಮೊದಲು ಅವರನ್ನು ತಾನೇ ಕೇಳಲಿ. ಅವರು ಬೇಡವೆಂದರೆ ಮೊಬೈಲು ಜೇಬಿಗೆ ಹೋಗಲಿ. ಒಪ್ಪಿ ನಿಂತರೆ, ಹತ್ತಿರದ ಗೂಡಲೂರು ಪೇಟೆಗೆ ಹೋದಾಗ ಒಂದು ಪ್ರತಿ ಹಾಕಿಸಿ ಮಗುವಿನ ಕೈಯಿಂದಲೇ ಅವರಿಗೆ ಕೊಡಿಸು.

ಇತಿ ನಿನ್ನ ಹಿತೈಷಿ.